ತಗಡಿನ ಮೇಲಿನ ಸ್ವರ

ಉಪ್ಪಳ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಜನಾರ್ದನನಿಗೆ ಒಂದು ಪದ್ಧತಿಯಿತ್ತು. ಸರಿಮಾಡಿದ ಯಾವುದನ್ನೂ ಮೂರು ಸಲ ಓಡಿಸಿ ನೋಡದೆ ಕೊಡುತ್ತಿರಲಿಲ್ಲ.

ಪೆಟ್ರೋನಿಲ್ಲಾ ಬಾಯಿ ಹಳೆಯ ರೆಕಾರ್ಡ್ ಪ್ಲೇಯರಿನ ಜತೆ ಒಂದೇ ಒಂದು ಪ್ಲೇಟು ತಂದಿದ್ದರು. ಹಡಗಿನಲ್ಲಿದ್ದ ಗಂಡ ಸೆಬಾಸ್ಟಿಯನ್ ಯಾವುದೋ ಬಂದರಿನ ಅಂಗಡಿಯಲ್ಲಿ ತನ್ನ ಸ್ವರ ತುಂಬಿಸಿ ಕಳಿಸಿದ್ದು. ಅದು ಬಂದ ತಿಂಗಳಲ್ಲೇ ಅವರು ಕಡಲಲ್ಲಿ ತೀರಿಕೊಂಡರು. ಆಗ ಹೊಟ್ಟೆಯಲ್ಲಿದ್ದ ಮಗಳು ಲೂರ್ಡ್ಸ್ ಹುಟ್ಟುವುದರೊಳಗೆ ಯಂತ್ರವೂ ಕೆಟ್ಟಿತು. ಈಗ ಅವಳ ಮದುವೆ. ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ, ತಲೆಗೆ ತೆಂಗಿನ ಹಾಲೆರೆದು ಹರಸುವಾಗ, ಅವಳು ಅಪ್ಪನ ಸ್ವರ ಮೊದಲ ಸಲ ಕೇಳಬೇಕು.

"ಸತ್ತ ಮೇಲೂ ಅವರು ನಿನ್ನ ಅಂಗಡಿಯಲ್ಲಿ ಕ್ಯೂ ನಿಲ್ಲಬೇಕಾ ಮಾರಾಯ?" ಕೂಡಲೇ ಆಗುವುದಿಲ್ಲವೆಂದಾಗ ಪೆಟ್ರೋನಿಲ್ಲಾ ಕೇಳಿದರು.

"ಶುಕ್ರವಾರ ಬನ್ನಿ ಬಾಯಮ್ಮ."

ಒಳಗಿನ ರಬ್ಬರ್ ಚಕ್ರ ಕಲ್ಲಾಗಿತ್ತು. ಉಜ್ಜಿ ಮೆತ್ತಗೆ ಮಾಡಿದ. ಹೊಸ ಮುಳ್ಳು ಹಾಕಿದ. ಆದರೂ ಮುಳ್ಳು ಒಂದು ಕಡೆ ಹಾರುತ್ತಿತ್ತು. ಹೋಟೆಲುಗಳ ಸಿನಿಮಾ ಹಾಡಿನ ಪ್ಲೇಟುಗಳಿಗೆ ಮಾಡುತ್ತಿದ್ದ ಹಾಗೆ ಮುಳ್ಳು ಹಿಡಿದ ತೋಳಿನ ತಲೆಯ ಮೇಲೆ ನಾಲ್ಕಾಣೆ ನಾಣ್ಯವಿಟ್ಟ. ಹಾರುವುದು ನಿಂತಿತು. ಗಂಡಸೊಬ್ಬನ ಕೊಂಕಣಿ ಮಾತು ಅಂಗಡಿ ತುಂಬಿತು. ಜನಾರ್ದನ ಕಣ್ಣು ಮುಚ್ಚಿ ಕೊನೆಯ ತನಕ ಕೇಳಿದ.

ಎರಡನೇ ಸಲ ಸ್ವರದೊಳಗೆ ಮರಳು ಬಿದ್ದಂತಾಯಿತು. ಧೂಳಿರಬೇಕೆಂದು ಒರೆಸಿ ಮೂರನೇ ಸಲ ಹಾಕಿದ. ಮುಳ್ಳಿನ ಹಿಂದೆ ಕೂದಲಿನಂಥ ಕಪ್ಪು ಎಳೆ ಸುರುಳಿಯಾಗಿ ಏಳುತ್ತಿತ್ತು. ತೋಳೆತ್ತಿ ನೋಡಿದರೆ ಕೆಳಗೆ ತಗಡು ಹೊಳೆಯುತ್ತಿತ್ತು. ಇದು ಅಂಗಡಿಯಲ್ಲಿ ಸಿಗುವಂಥ ಗಟ್ಟಿ ಪ್ಲೇಟಲ್ಲ, ತಗಡಿಗೆ ಬಳಿದ ಬಣ್ಣದಲ್ಲಿ ಕೊರೆದ ಸ್ವರ ಎಂದು ಅವನಿಗೆ ಆಗ ಗೊತ್ತಾಯಿತು.

ಶುಕ್ರವಾರ ತಾಯಿ ಮಗಳು ಬಂದರು. ಅವನು ಪ್ಲೇಟು ಹಾಕಿದ. ಕೆರೆಯುವ ಸದ್ದು ಬಿಟ್ಟು ಬೇರೇನೂ ಬರಲಿಲ್ಲ.

"ಮೊದಲೇ ಹೀಗೆ ಇತ್ತಾ?" ಪೆಟ್ರೋನಿಲ್ಲಾ ಕೇಳಿದರು.

ಹೌದೆಂದರೆ ಮುಗಿಯುತ್ತಿತ್ತು.

"ಇಲ್ಲ. ನಾನು ಭಾರ ಇಟ್ಟು ಮೂರು ಸಲ ಹಾಕಿದೆ. ನನ್ನಿಂದಲೇ ಹೋಯಿತು ಬಾಯಮ್ಮ."

"ಮತ್ತೆ ನೀನು ಕೇಳಿದಿಯಾ? ಎಂತ ಹೇಳಿದ್ರು? ನನಗೀಗ ಆ ಮಾತು ನೆನಪಿಲ್ಲ."

"ಕೇಳಿದೆ. ನನಗೆ ಕೊಂಕಣಿ ಬರುದಿಲ್ಲ."

ಅವರು ಕುಳಿತುಬಿಟ್ಟರು. ಲೂರ್ಡ್ಸ್ ಮಾತ್ರ ನಿಂತೇ ಇದ್ದಳು.

"ಸ್ವರ ಹೇಗಿತ್ತು?"

ದಪ್ಪವೋ ಸಪೂರವೋ, ಯಾವ ಶಬ್ದವೂ ಹೊಂದಲಿಲ್ಲ.

"ನಡುವೆ ಒಮ್ಮೆ ಕೆಮ್ಮಿದ್ರು," ಎಂದ.

"ಹೇಗೆ?"

ಜನಾರ್ದನ ಮುಷ್ಟಿಯನ್ನು ಬಾಯಿಗೆ ತಂದು, ಕೇಳಿದ್ದ ಹಾಗೆಯೇ, ಮೆಲ್ಲನೆ ಎರಡು ಸಲ ಕೆಮ್ಮಿದ.

ಲೂರ್ಡ್ಸ್ ತಲೆ ಓರೆ ಮಾಡಿ ಕೇಳಿದಳು. ಇನ್ನೂ ಏನೋ ಬರಲಿಕ್ಕಿದೆ ಎಂಬಂತೆ ಹಾಗೆಯೇ ನಿಂತಳು.

"ಸಾಕು," ಎಂದರು ಪೆಟ್ರೋನಿಲ್ಲಾ.