ಬಿಳಿ ಅಂಗಿಗೆ ಕೆಂಪು ಗುಂಡಿ

ದಾರವನ್ನು ಹಲ್ಲಿನಿಂದ ಕಡಿದು ಅವಳು ಗಂಡನ ಎದೆಯ ಮೇಲೆ ಕೈಯಾಡಿಸಿದಳು. ಬಿಳಿ ಅಂಗಿಗೆ ಕೆಂಪು ಗುಂಡಿ. ಊರಿಗೆಲ್ಲ ಬಟ್ಟೆ ಹೊಲಿದ ದರ್ಜಿಯ ಸ್ವಂತ ಅಂಗಿಗೇ ಒಂದು ಗುಂಡಿ ಕಿತ್ತುಹೋಗಿತ್ತು. ಬಿಳಿಯವೆಲ್ಲ ಅಂಗಡಿಯಲ್ಲಿ ಖರ್ಚಾಗಿ, ಮನೆಯ ಡಬ್ಬಿಗಳಲ್ಲಿ ಯಾರಿಗೂ ಬೇಡದ ಬಣ್ಣದವಷ್ಟೇ ಉಳಿದಿದ್ದವು.

"ಅತ್ತಿಗೆ, ಇದೇನಿದು? ನೋಡಿದವರು ನಗಲ್ವಾ?" ಎಂದ ಮೈದುನ. "ಗುಂಡಿ ತರ್ತೀನಿ ಅಂತ ತಿಂಗಳು ತಿಂಗಳು ಬಸ್ಸು ಹತ್ತುತ್ತಿದ್ದ ಅಣ್ಣ. ಒಂದು ಬಿಳಿ ಗುಂಡಿಗೂ ಗತಿಯಿಲ್ವಾ ಮನೇಲಿ?"

ಅವಳು ಹೊದಿಕೆಯನ್ನು ಹೆಣದ ಕತ್ತಿನವರೆಗೆ ಎಳೆದಳು.

ಮಗಳು ಅಪ್ಪನ ಕಾಲ ಬಳಿ ಕೂತಿದ್ದಳು. ಅವಳ ಕಣ್ಣು ಗುಳಿಬಿದ್ದದ್ದು ಅತ್ತು ಅತ್ತು ಎಂದು ಬಂದವರು ಮರುಗುತ್ತಿದ್ದರು. ಆ ಹುಡುಗಿ ಸರಿಯಾಗಿ ನಿದ್ದೆ ಮಾಡಿ ತಿಂಗಳುಗಳೇ ಆಗಿದ್ದವೆಂದು ತಾಯಿಗೆ ಗೊತ್ತಿತ್ತು. ಕಳೆದ ವಾರ ಅಡುಗೆಮನೆಯಲ್ಲಿ, "ಬದುಕೋದೇ ಬೇಡ ಅನ್ಸುತ್ತಮ್ಮ" ಎಂದು ಮಗಳು ಹೇಳಿದಾಗ ತಾಯಿ ಮೊದಲು ಮಾಡಿದ ಕೆಲಸ ಪಕ್ಕದ ಮನೆಗೆ ಕೇಳದಂತೆ ಕಿಟಕಿ ಮುಚ್ಚಿದ್ದು. ಗಂಡ ಮಾತ್ರ, "ಈ ಸಲ ಇವಳನ್ನೂ ಕರ್ಕೊಂಡು ಹೋಗ್ತೀನಿ" ಎಂದಿದ್ದ. ಹೋಗುವ ಮೊದಲೇ ಹೃದಯಾಘಾತ ಅವನನ್ನು ಮುಗಿಸಿತು. ಎಲ್ಲಿಗೆ ಎನ್ನುವುದು ಮಗಳಿಗೆ ಗೊತ್ತಿರಲಿಲ್ಲ. ತಾಯಿಗೆ ಗೊತ್ತಿತ್ತು, ಆದರೆ ನಾಲಿಗೆ ಏಳುತ್ತಿರಲಿಲ್ಲ.

*

ಮಗಳಿನ್ನೂ ಅಂಬೆಗಾಲಿಡುತ್ತಿದ್ದಾಗ ಒಂದು ಮಧ್ಯಾಹ್ನ ಅವನು ಬಟ್ಟೆಯೇ ಇಲ್ಲದ ಹೊಲಿಗೆ ಯಂತ್ರವನ್ನು ತುಳಿಯುತ್ತ ಕೂತಿದ್ದ. ಕರೆದರೆ ತಿರುಗಲಿಲ್ಲ. ಮನೋರೋಗದ ಆಸ್ಪತ್ರೆಗೆ ಅವಳೇ ಕರೆದೊಯ್ದಳು. ಹೊರಬರುವಾಗ ಗೇಟಿನಲ್ಲೇ ಪರಿಚಯದವರು ಎದುರಾಗಬೇಕೆ!

"ಏನಿಲ್ಲಿ?"

"ಗುಂಡಿ ತಗೊಳ್ಳೋಕೆ ಬಂದಿದ್ವಿ," ಎಂದುಬಿಟ್ಟಳು.

ಅವನು ನೆಲ ನೋಡಿದ. ಬಸ್ ನಿಲ್ದಾಣದ ಬಳಿ ನಿಜಕ್ಕೂ ಒಂದು ಡಬ್ಬಿ ಗುಂಡಿ ಕೊಂಡ. "ನೀನು ಹೇಳಿದ್ದು ಸುಳ್ಳಾಗೋದು ಬೇಡ," ಎಂದು ನಕ್ಕ.

ಅವಳು ಮತ್ತೆಂದೂ ಜೊತೆಗೆ ಹೋಗಲಿಲ್ಲ. ಡಬ್ಬಿಗಳು ಮಾತ್ರ ಅಟ್ಟ ತುಂಬುತ್ತ ಬಂದವು.

*

ನಡುವಯಸ್ಸಿನ ಹೆಂಗಸೊಬ್ಬಳು ಬಂದು ಹೆಣದ ಮುಂದೆ ಕೈಮುಗಿದಳು. ಆಸ್ಪತ್ರೆಯ ನರ್ಸು; ಕೂದಲು ನರೆತಿದ್ದರೂ ಅವಳಿಗೆ ಗುರುತು ಸಿಕ್ಕಿತು.

"ಯಾರಿವರು?" ಎಂದ ಮೈದುನ.

"ಗುಂಡಿ ಅಂಗಡಿಯವರು."

ನರ್ಸು ಒಂದು ಕ್ಷಣ ಅವಳ ಮುಖ ನೋಡಿ, "ಹೌದು, ಬಹಳ ವರ್ಷದ ಗಿರಾಕಿ," ಎಂದಳು. ಆಮೇಲೆ ಪಕ್ಕ ಕೂತು ಪಿಸುಮಾತಿನಲ್ಲಿ, "ಅಂತೂ ನಿಮ್ಮನ್ನ ಮತ್ತೆ ನೋಡಿದ ಹಾಗಾಯ್ತು. ಮನೆಯವರು ಬಂದಿಲ್ವಾ ಅಂತ ಬಂದಾಗೆಲ್ಲ ಕೇಳ್ತಿದ್ದೆ. ಬಂದಿದಾಳೆ, ಹೊರಗೆ ಮರದ ಕೆಳಗೆ ಕೂತಿದಾಳೆ, ಸಂಕೋಚದ ಸ್ವಭಾವ ಅಂತಿದ್ರು," ಎಂದಳು.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ. ಇಲ್ಲಿ ಇವಳು ಅವನನ್ನು ಮುಚ್ಚಿಟ್ಟಿದ್ದಳು. ಅಲ್ಲಿ ಅವನು ಇವಳ ಮಾನ ಕಾಯ್ದಿದ್ದ.

ನರ್ಸು ಎದ್ದು ಹೊಸ್ತಿಲಾಚೆ ಚಪ್ಪಲಿ ಮೆಟ್ಟಿದಳು. ಮಗಳು ಯಾರನ್ನೂ ನೋಡದೆ ಕೂತೇ ಇದ್ದಳು.

"ನಿಲ್ಲಿ!"

ಮನೆಯೆಲ್ಲ ತಿರುಗಿ ನೋಡಿತು.

"ಇವರು ಗುಂಡಿ ಅಂಗಡಿಯವರಲ್ಲಪ್ಪ," ಎಂದಳು ಮೈದುನನಿಗೆ. "ಮನೋರೋಗದ ಆಸ್ಪತ್ರೆಯವರು. ನಿಮ್ಮಣ್ಣ ಇಷ್ಟು ವರ್ಷ ಚೆನ್ನಾಗಿದ್ದದ್ದು ಅವರ ದಯೆಯಿಂದ. ಈಗ ನನ್ನ ಮಗಳು ಬದುಕೋದು ಬೇಡ ಅಂತಿದಾಳೆ. ನಾನು ಕಿಟಕಿ ಮುಚ್ಚಿದೆ."

ಯಾರೋ ಕೆಮ್ಮಿದರು. ಮೈದುನ ತಲೆ ತಗ್ಗಿಸಿದ.

ಮಗಳ ತುಟಿ ಅಲುಗಿತು. "ಅಪ್ಪಂಗೂ ಹೀಗೇ ಆಗಿತ್ತಾ? ಅವರ ಫೈಲು ನಾನು ನೋಡಬಹುದಾ?"

ನರ್ಸು ಚಪ್ಪಲಿ ಬಿಟ್ಟು ಒಳಗೆ ಬಂದು ಅವಳ ಕೈ ಹಿಡಿದಳು. "ಅದಕ್ಕೆ ಅರ್ಜಿ ಕೊಡಬೇಕು, ನಾನು ಜೊತೆಗಿದ್ದು ಬರೆಸ್ತೀನಿ. ಆದ್ರೆ ನಿನ್ನನ್ನ ನೋಡೋಕೆ ಅಪ್ಪನ ಫೈಲು ಬೇಕಿಲ್ಲ ಮಗಳೇ, ನಾಳೆನೇ ಬಾ. ಇವತ್ತು ಮನಸ್ಸು ತಡೀಲಿಲ್ಲ ಅಂದ್ರೆ ಈ ಚೀಟಿಯಲ್ಲಿರೋ ನಂಬರಿಗೆ ಫೋನ್ ಮಾಡು, ಎಷ್ಟು ಹೊತ್ತಲ್ಲಾದ್ರೂ ಎತ್ತುತ್ತಾರೆ. ಒಬ್ಬಳೇ ಇರಬೇಡ. ಜೊತೆಗೆ ಯಾರು ಬರ್ತೀರಿ?"

"ನಾನು," ಎಂದಳು ತಾಯಿ. "ಒಳಗೇ ಬರ್ತೀನಿ."

ಹೆಣ ಎತ್ತುವ ಹೊತ್ತಾಯಿತು. ಮೈದುನ ಹೊದಿಕೆಯನ್ನು ಕತ್ತಿನವರೆಗೆ ಸರಿಪಡಿಸಿದ. ಅವಳು ಅವನ ಕೈ ಸರಿಸಿ, ಹೊದಿಕೆಯನ್ನು ಸೊಂಟದವರೆಗೆ ಇಳಿಸಿದಳು.

ಅಷ್ಟುದ್ದ ಬೀದಿಯಲ್ಲಿ, ಮನೆಮನೆಯ ಬಾಗಿಲಿಗೆ ಬಂದು ನಿಂತವರ ಕಣ್ಣೆದುರೇ, ಬಿಳಿ ಅಂಗಿಯ ಮೇಲಿನ ಕೆಂಪು ಗುಂಡಿ ಸಾಗಿಹೋಯಿತು.