ಒಂದು ಹಿಡಿ ಮುಡಿಪು

ಕಾಫಿ ಬೀಜ ಆರಿಸುವ ಹೆಂಗಸರು ಮಾತು ಬಿಟ್ಟು ಕೂತಾಗ ಒಂದು ಸದ್ದು ಹುಟ್ಟುತ್ತದೆ. ಮೇಜಿನ ಮೇಲೆ ಬೀಜ ಹರಿಯುವ ಸದ್ದು, ಕೆಟ್ಟ ಬೀಜ ತಗಡಿನ ಡಬ್ಬಿಗೆ ಬೀಳುವ ಸದ್ದು. ಹರಿವು, ಟಣ್. ಹರಿವು, ಟಣ್. ವನಜಮ್ಮನಿಗೆ ಅದು ಚಿಕ್ಕಂದಿನಲ್ಲಿ ಕೊಣನೂರು ಕಡೆಯ ತನ್ನ ಹಳ್ಳಿಯ ಗುಡಿ ಜಗಲಿಯಲ್ಲಿ ಕೇಳಿದ ಕಾವ್ಯದ ಓದಿನಂತೆ ಕೇಳಿಸುತ್ತಿತ್ತು. ಓದುವವರು ಪದ್ಯದ ಕೊನೆಯಲ್ಲಿ ಉಸಿರು ಹಿಡಿದು ನಿಲ್ಲುತ್ತಿದ್ದರಲ್ಲ, ಆ ನಿಲುಗಡೆಯಲ್ಲಿ ಅವಳು ಸಮುದ್ರವನ್ನು ಕಾಣುತ್ತಿದ್ದಳು. ನಿಜವಾದ ಸಮುದ್ರವನ್ನು ಈ ಐವತ್ತಮೂರು ವರ್ಷದಲ್ಲಿ ಅವಳು ನೋಡಿದವಳಲ್ಲ.

ಈ ಸಲದ ಬೀಜ ಆ ಸಮುದ್ರ ದಾಟಿಯೇ ಬಂದದ್ದು. ಊರಿನ ಕಾಫಿ ಸುಗ್ಗಿ ಮುಗಿದು, ಮಳೆ ಹಿಡಿದು, ಕೂಡಿಗೆ ಆಚೆಯ, ಕಾಫಿ ಹಸನು ಮಾಡುವ ವರ್ಕ್ಸಿನ ಹೆಂಗಸರು ಮನೆಯಲ್ಲಿ ಸುಮ್ಮನೆ ಕೂರುವ ಕಾಲಕ್ಕೆ ಸರಿಯಾಗಿ ವಿಯೆಟ್ನಾಮಿನ ಚೀಲಗಳು ಒಂದೇ ಲಾಟಾಗಿ ಲಾರಿಯಿಂದ ಇಳಿದವು. ಇಲ್ಲಿ ಆರಿಸಿ, ಚೊಕ್ಕ ಮಾಡಿ, ಮತ್ತೆ ಹಡಗು ಹತ್ತಿಸಿ ಯುರೋಪಿಗೆ ಕಳಿಸುವುದು. ಅಲ್ಲಿನ ವ್ಯಾಪಾರಿಗೆ ಕೈಯಿಂದ ಆರಿಸಿದ್ದೇ ಬೇಕಂತೆ. ಪಕ್ಕದ ಶೆಡ್ಡಿನಲ್ಲಿ ಬಣ್ಣ ನೋಡಿ ಬೀಜ ಬೇರ್ಪಡಿಸುವ ಮಷೀನು ಹಗಲಿಡೀ ಗುಂಯ್‌ಗುಡುತ್ತಿದ್ದರೂ ಆರು ಹೆಂಗಸರ ಈ ಮೇಜು ಉಳಿದಿದ್ದು ಆ ಒಬ್ಬ ವ್ಯಾಪಾರಿಯಿಂದ. ಸಾವ್ಕಾರರು ಜೂನ್‌ನಲ್ಲೇ ಹೇಳಿದ್ದರು: ನಿಮ್ಮ ಕೈಯ ತಪ್ಪಿನಿಂದ ಒಂದು ಲಾಟು ಕೆಟ್ಟರೂ ಮೇಜು ಎತ್ತಿಸುತ್ತೇನೆ.

"ನಮ್ಮನೆ ಕತೆ ಕೇಳು ವನಜಕ್ಕ," ಎಂದಿದ್ದಳು ಎದುರಿಗೆ ಕೂರುವ ಸಣ್ಣಿ. "ನಮ್ಮನೇವ್ರು ತೋಟದಲ್ಲಿ ಮೆಣಸು ಕುಯ್ತಿದ್ರು. ವಿಯೆಟ್ನಾಮಿನ ಮೆಣಸು ಬಂದು ರೇಟು ಬಿತ್ತು ಅಂತ ತೋಟದೋರು ಆಳು ಕಮ್ಮಿ ಮಾಡಿದ್ರು. ಈಗ ಆ ದೇಶದ್ದೇ ಕಾಫಿ ಬಂದು ನಂಗೆ ಮಳೆಗಾಲದಲ್ಲೂ ಕೆಲ್ಸ. ಅವರು ಕೂತು ಬೈತಾರೆ, ನಾನು ಎದ್ದು ಕೈ ಮುಗೀತೀನಿ."

"ಗಂಡ ಹೆಂಡ್ತಿ ಉಣ್ಣೋದು ಒಂದೇ ಪಾತ್ರೆದು ಅಲ್ವಾ? ಆಮೇಲೆ ಎಂತ ಜಗಳ?" ಎಂದ ಲೆಕ್ಕ ಬರೆಯುವ ರೈಟರ್ ದೇರಪ್ಪ, ಬಾಗಿಲಲ್ಲಿ ನಿಂತು.

"ಸಾರು ಅವ್ರೇ ಮಾಡೋದು ಈಗ. ಖಾರ ಹಾಕ್ತಾರೆ, ಸಿಟ್ಟಿಗೆ," ಎಂದಳು ಸಣ್ಣಿ. ಮೇಜಿನ ಸುತ್ತ ನಗು ಹೋಗಿ ಬಂತು.

ಆ ಮೇಜಿಗೊಂದು ಪದ್ಧತಿ. ಯಾವ ಲಾಟು ಬಂದರೂ ಮೊದಲ ಚೀಲದಿಂದ ಒಂದು ಹಿಡಿ ಬೀಜ ತೆಗೆದು, ಗೋಡೆಯ ಮೂಲೆಯಲ್ಲಿ ಕಾವೇರಮ್ಮನ ಪಟದ ಮುಂದಿನ ಹಿತ್ತಾಳೆ ಚೊಂಬಿಗೆ ಹಾಕಬೇಕು. ಅದು ಮುಡಿಪು. ಲಾಟು ಮುಗಿದ ದಿನ ಅದನ್ನು ಕೊನೆಯ ಚೀಲಕ್ಕೆ ಸುರಿದರೆ ಇಡೀ ಲಾಟಿಗೆ ಅಮ್ಮನ ಕಣ್ಣು ಬಿತ್ತು ಎಂದು ಲೆಕ್ಕ. ಮೇಜಿಗೆ ಹಿರಿಯಳಾದವಳು ಮಾಡುವ ಕೆಲಸ. ಹತ್ತು ವರ್ಷದಿಂದ ವನಜಮ್ಮನೇ ಮಾಡುತ್ತಿದ್ದಳು.

ವಿಯೆಟ್ನಾಮಿನ ಮೊದಲ ಚೀಲಕ್ಕೆ ಕೈ ಹಾಕಿದಾಗ ಬೆರಳಿಗೆ ಏನೋ ತಾಗಿತು. ತಲೆಗೂದಲಿಗೆ ಸಿಕ್ಕಿಸುವ ನೀಲಿ ಪ್ಲಾಸ್ಟಿಕ್ ಕ್ಲಿಪ್ಪು. ಒಂದು ಹಲ್ಲು ಮುರಿದಿತ್ತು, ಅದರ ಸಂದಿಯಲ್ಲಿ ಉದ್ದನೆಯ ಒಂದು ಕೂದಲು ಸುತ್ತಿಕೊಂಡಿತ್ತು. ಕಸದ ಡಬ್ಬಿಗೆ ಎಸೆಯಬೇಕಾದದ್ದು. ವನಜಮ್ಮನಿಗೆ ಕೈ ಬರಲಿಲ್ಲ. ಸೆರಗಿನಲ್ಲಿ ಒರೆಸಿ ಮುಡಿಪಿನ ಜೊತೆ ಚೊಂಬಿನಲ್ಲೇ ಇಟ್ಟಳು.

ಅಂದಿನಿಂದ ಆ ಕ್ಲಿಪ್ಪಿನ ಹೆಂಗಸು ವನಜಮ್ಮನ ಮನಸ್ಸಿನಲ್ಲಿ ಮೇಜಿಗೆ ಬಂದು ಕೂರತೊಡಗಿದಳು. ಆರು ಜನರ ಮೇಜಿನಲ್ಲಿ ಏಳನೆಯವಳು. ಹರಿವು, ಟಣ್ ಎನ್ನುವ ಸದ್ದಿನ ನಡುವೆ ಅವಳ ಬೆರಳೂ ಓಡುವುದು ಕಾಣುತ್ತಿತ್ತು. ಮುಖ ಮಾತ್ರ ಕಾಣುತ್ತಿರಲಿಲ್ಲ, ಕೂದಲು ಬಿಚ್ಚಿ ಮುಂದಕ್ಕೆ ಬಿದ್ದಿತ್ತು, ಕ್ಲಿಪ್ಪು ಇಲ್ಲಿತ್ತಲ್ಲ. ಅವಳ ಹಿಂದೆ ಕೆಂಪು ಮಣ್ಣಿನ ಗುಡ್ಡ, ಗುಡ್ಡದ ಮೇಲೆ ಇದೇ ಮಳೆ. ಅವಳ ಊರಲ್ಲೂ ಯಾರಾದರೂ ಜಗಲಿಯಲ್ಲಿ ಕೂತು ರಾಗವಾಗಿ ಓದುತ್ತಾರೋ ಏನೋ ಎಂದು ವನಜಮ್ಮ ಯೋಚಿಸುವಳು. ಓದದೆ ಇರುತ್ತಾರೆಯೇ? ಇಷ್ಟು ಸಮನಾಗಿ ಬೀಜ ಆರಿಸುವ ಕೈ ತಾಳ ಕೇಳಿಯೇ ಬೆಳೆದಿರಬೇಕು.

ಊರಿನ ಲಾಟಾದರೆ ಎರಡು ದಿನಕ್ಕೆ ಮುಗಿಯುತ್ತಿತ್ತು. ಇದು ದೊಡ್ಡ ಲಾಟು, ಕರೆಂಟೂ ಹೋಗಿ ಬಂದು ಮಾಡುತ್ತಿತ್ತು, ಮೂರು ವಾರ ಹಿಡಿಯಿತು. ಮಳೆಯ ತೇವಕ್ಕೆ ಮುಡಿಪಿನ ಬೀಜಕ್ಕೆ ಹುಳ ಬಿದ್ದೀತೆಂದು ವನಜಮ್ಮ, ಮನೆಯಲ್ಲಿ ದೇವರ ಪೆಟ್ಟಿಗೆಗೆ ಹಾಕುವ ಹಾಗೆ, ಎರಡು ಬಿಲ್ಲೆ ಕರ್ಪೂರ ಚೊಂಬಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿದಳು. ಕಾಫಿ ಬೀಜ ಪಕ್ಕದಲ್ಲಿದ್ದ ಯಾವ ವಾಸನೆಯನ್ನೂ ಎಳೆದುಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಈ ಮೇಜಿನ ಹೆಂಗಸರು ಮಲ್ಲಿಗೆ ಮುಡಿಯುವುದಿಲ್ಲ, ನೋವಿನ ಮುಲಾಮು ಹಚ್ಚಿಕೊಂಡು ಬರುವುದಿಲ್ಲ. ಆದರೆ ಕರ್ಪೂರ ಅವಳ ಮನಸ್ಸಿನಲ್ಲಿ ವಾಸನೆಯ ಲೆಕ್ಕಕ್ಕೆ ಸೇರಿರಲಿಲ್ಲ. ಅದು ದೇವರದು.

ಲಾಟು ಮುಗಿದ ದಿನ ಕ್ಲಿಪ್ಪನ್ನೂ ಉಳಿದ ಕರ್ಪೂರದ ಚೂರನ್ನೂ ಎತ್ತಿಟ್ಟುಕೊಂಡು ಮುಡಿಪನ್ನು ಕೊನೆಯ ಚೀಲಕ್ಕೆ ಸುರಿದಳು, ಕೈ ಮುಗಿದಳು.

ಮರುದಿನ ಮಧ್ಯಾಹ್ನ ರುಚಿ ನೋಡುವ ಕೋಣೆಗೆ ವನಜಮ್ಮ ಬಿಸಿನೀರು ಒಯ್ದಿದ್ದಳು. ಕಾಫಿ ರುಚಿ ನೋಡಿ ತೀರ್ಪು ಹೇಳುವವಳು ಚೆಟ್ಟಳ್ಳಿ ಕಡೆಯ ಹುಡುಗಿ, ಮೋಕ್ಷಿತಾ. ಬೇರೆ ಬೇರೆ ಚೀಲದ ಬೀಜ ಹುರಿದು ಬಸಿದ ಲೋಟಗಳನ್ನು ಸಾಲಾಗಿಟ್ಟು, ಚಮಚೆಯಲ್ಲಿ ಸುರ್ರೆಂದು ಎಳೆದು ಉಗುಳುತ್ತಾ ಬಂದವಳು ಕೊನೆಯ ಲೋಟದ ಮುಂದೆ ನಿಂತಳು. ಇನ್ನೊಮ್ಮೆ ಎಳೆದಳು. ಮುಖ ಕಿವುಚಿದಳು.

"ದೇರಪ್ಪಣ್ಣ, ಇದ್ರಲ್ಲಿ ಎಂತದೋ ಔಷಧಿ ವಾಸನೆ ಉಟ್ಟು," ಎಂದಳು ತನ್ನ ಮನೆಮಾತಾದ ಅರೆಭಾಷೆಯಲ್ಲಿ, ವಾಸನೆ ಇದೆ ಎಂದು.

ವನಜಮ್ಮ ನೀರಿನ ಪಾತ್ರೆ ಕೆಳಗಿಟ್ಟಳು; ಚೊಂಬಿಗೆ ಹಾಕಿದ ಕರ್ಪೂರ ನೆನಪಾಯಿತು.

ದೇರಪ್ಪನಿಗೆ ಗಾಬರಿಯೇನೂ ಆಗಲಿಲ್ಲ. "ನಮ್ಮದಲ್ಲ ಬಿಡಿ ಮೇಡಂ. ಅಲ್ಲಿಂದಲೇ ಹಾಗೆ ಬಂದದ್ದು ಅಂತ ಬರೆದು ಹಾಕುವ. ಕಳಿಸಿದವರ ಮೇಲೆ ಹೋಗ್ತದೆ."

"ಅವರ ಮೇಲೆ ಹೋದ್ರೆ?" ಎಂದು ಕೇಳಿದ್ದು ವನಜಮ್ಮ.

"ಹೋದ್ರೆ ಎಂತ, ಅವರು ಅಲ್ಲಿ ಚೀಲ ತುಂಬಿದ ಹೆಂಗಸ್ರನ್ನ ಹಿಡೀತಾರೆ. ಯಾವಳು ಏನು ಹಚ್ಕೊಂಡು ಬಂದಿದ್ಲೋ. ನಾಲ್ಕು ಜನರನ್ನ ಮನೆಗೆ ಕಳಿಸಿದ್ರೆ ಮುಗೀತು." ಅವನು ನಕ್ಕ. "ನಿಮ್ಮ ಮೇಜು ಬದುಕ್ತು ವನಜಕ್ಕ. ಹೋಗಿ ನೆಮ್ಮದಿಯಾಗಿ ಕಾಫಿ ಕುಡೀರಿ."

ಮೇಜಿಗೆ ಹಿಂತಿರುಗಿ ವನಜಮ್ಮ ಸಣ್ಣಿಗೆ ಎಲ್ಲವನ್ನೂ ಹೇಳಿದಳು, ಕರ್ಪೂರದ್ದನ್ನೂ. ಸಣ್ಣಿ ಅವಳ ಮೊಣಕೈ ಹಿಡಿದು ಕೂರಿಸಿದಳು.

"ಬಾಯಿ ಮುಚ್ಕೊಂಡು ಕೂತ್ಕೊ. ನಮ್ಮನೇಲಿ ಈಗ ನಂದೊಂದೇ ದುಡಿಮೆ. ಆರು ಜನದ ಹೊಟ್ಟೆ ಮೇಲೆ ಕಾಲಿಡಬ್ಯಾಡ."

"ಅವಳದೊಂದು ಹೊಟ್ಟೆ ಇಲ್ವೇನೆ?"

"ಯಾರ್ದು?"

ವನಜಮ್ಮ ಮಡಿಲಿನಿಂದ ಕ್ಲಿಪ್ಪು ತೆಗೆದು ತೋರಿಸಿದಳು. "ಅಲ್ಲಿ ಚೀಲ ತುಂಬಿದೋಳ್ದು."

ಸಣ್ಣಿ ಅದನ್ನೇ ನೋಡಿದಳು. "ಆ ಹೆಂಗಸು ನಿಂಗೋಸ್ಕರ ಹಿಂಗೆ ಮಾಡ್ತಿದ್ಲಾ?"

"ಗೊತ್ತಿಲ್ಲ ಕಣೆ. ನಾನು ಕಂಡಿಲ್ಲ ಅವಳನ್ನ."

ಮತ್ತೆ ಬೀಜ ಹರಿಯತೊಡಗಿತು. ಆದರೆ ಟಣ್ ಎನ್ನುವ ಸದ್ದು ವನಜಮ್ಮನ ಕೈಯಿಂದ ಹುಟ್ಟಲಿಲ್ಲ. ಕಪ್ಪು ಬೀಜ ಕಣ್ಣೆದುರೇ ದಾಟಿ ಹೋಗುತ್ತಿತ್ತು. ಕೂದಲು ಬಿಚ್ಚಿದ ಆ ಏಳನೆಯವಳು ಬೆರಳು ನಿಲ್ಲಿಸಿ ಕೂತಿದ್ದಳು, ಓದುವವರು ಪದ್ಯದ ಕೊನೆಗೆ ಉಸಿರು ಹಿಡಿದು ನಿಲ್ಲುವಂತೆ. ಮುಂದಿನ ಪದ್ಯ ಎತ್ತಿಕೊಳ್ಳಬೇಕಾದವರು ಬೇರೆ ಯಾರೋ ಎಂಬಂತೆ.

ವನಜಮ್ಮ ಎದ್ದಳು. ಸಣ್ಣಿ ಸೆರಗು ಹಿಡಿದಳು; ಆಮೇಲೆ ಬಿಟ್ಟಳು.

ಮೋಕ್ಷಿತಾ ಒಬ್ಬಳೇ ಲೋಟ ತೊಳೆಯುತ್ತಿದ್ದಳು. ವನಜಮ್ಮ ಹೇಳಿದ್ದೆಲ್ಲವನ್ನೂ ಕೇಳಿ ಕೈಯ ಲೋಟ ಕೆಳಗಿಟ್ಟಳು.

"ಕರ್ಪೂರ," ಎಂದಳು. "ಅದೇ. ನಾಲಿಗೆ ತುದಿಗೆ ಬಂದಿತ್ತು, ಹೆಸರು ಹೊಳೀಲಿಲ್ಲ." ಕೊನೆಯ ಚೀಲವನ್ನು ಪಕ್ಕಕ್ಕಿಟ್ಟು, ಉಳಿದ ಚೀಲಗಳಿಂದ ಮತ್ತೆ ಬೀಜ ತೆಗೆದು ಹುರಿದಳು. ಒಂದೊಂದನ್ನೂ ಎರಡೆರಡು ಸಲ ನೋಡಿದಳು. ಎಲ್ಲವೂ ಚೊಕ್ಕ. ಕೆಟ್ಟದ್ದು ಒಂದೇ ಚೀಲ.

ಸಾವ್ಕಾರರಿಗೆ ಫೋನು ಮಾಡಿದಾಗ ಅವಳು ವಾದಿಸಿದ್ದು ಬಾಗಿಲ ಹೊರಗೆ ಕೇಳುತ್ತಿತ್ತು: ಲಾಟು ಕೆಟ್ಟಿಲ್ಲ ಸರ್, ಒಂದು ಚೀಲ, ಅವರಾಗೇ ಬಂದು ಹೇಳಿದ್ದು. ಹೊರಬಂದಾಗ ಅವಳ ಕಣ್ಣು ನೆಲದ ಮೇಲಿತ್ತು.

"ಮೇಜು ಇರ್ತದೆ ವನಜಕ್ಕ. ಆದ್ರೆ... ನಾಳೆಯಿಂದ ನೀವು ಬರೋದು ಬೇಡ ಅಂದ್ರು. ಚೊಂಬೂ ಇರಬಾರದಂತೆ."

"ಆ ದೇಶಕ್ಕೆ ಕಾಗದ ಹೋಗಲ್ಲ ಅಲ್ವಾ?"

"ಹೋಗಲ್ಲ."

"ಸರಿ ಹಾಗಾದ್ರೆ," ಎಂದಳು ವನಜಮ್ಮ. ಹೋಗಿ ಪಟದ ಮುಂದಿನ ಚೊಂಬನ್ನು ಎತ್ತಿಕೊಂಡಳು.

ದೇರಪ್ಪ ಆ ಕೆಟ್ಟ ಚೀಲದಿಂದಲೇ ಒಂದು ಹಿಡಿ ಬೀಜ ಅವಳ ಚೊಂಬಿಗೆ ಹಾಕಿಕೊಟ್ಟ. "ಮುಡಿಪು ಇಟ್ಕೊಳ್ಳಿ. ಇನ್ನು ಯಾರಿಗೂ ಬೇಡ ಅದು," ಎಂದ, ತಮಾಷೆ ಮಾಡಹೋಗಿ ದನಿ ಬಿದ್ದುಹೋಯಿತು. ಸಣ್ಣಿ ಮೇಜಿನಿಂದ ತಲೆ ಎತ್ತಲಿಲ್ಲ. ಆದರೆ ವನಜಮ್ಮ ಪಕ್ಕದಲ್ಲಿ ಹಾದುಹೋಗುವಾಗ ಅವಳ ಛತ್ರಿಯನ್ನು ಮುಂದೆ ಚಾಚಿದಳು.

ಸಂಜೆ ಐದರ ಮಳೆ ಹದವಾಗಿತ್ತು. ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿಯನ್ನು ಸೇರುವ ಕಡೆ ನೀರು ಕೆಂಪಾಗಿ, ತುಂಬಿ, ಅವಸರವಿಲ್ಲದೆ ಹೋಗುತ್ತಿತ್ತು. ಮಂಗಳೂರಿನ ಹಡಗು ಪಡುವಣಕ್ಕೆ ಹೋಗುತ್ತದೆ, ಹೊಳೆ ಮೂಡಣಕ್ಕೆ. ಆ ಹೆಂಗಸಿನ ದೇಶ ಮೂಡಣಕ್ಕೇ ಇರುವುದು ಎಂದು ದೇರಪ್ಪ ಒಮ್ಮೆ ಹೇಳಿದ್ದ. ಮನೆಗೆ ಹೋಗುವ ದಾರಿಯಲ್ಲಿ ವನಜಮ್ಮ ಹೊಳೆದಂಡೆಯ ಮೆಟ್ಟಿಲಿಳಿದು, ಛತ್ರಿ ಮಡಚಿ, ಚೊಂಬನ್ನು ನೀರಿಗೆ ಬಗ್ಗಿಸಿದಳು. ಬೀಜಗಳು ಒಂದು ಕ್ಷಣ ಒಟ್ಟಿಗೇ ಇದ್ದು ಚದುರಿದವು. ಕರ್ಪೂರದ ವಾಸನೆ ಒಮ್ಮೆ ಎದ್ದು ಮಳೆಯಲ್ಲಿ ಕರಗಿತು.

ಗಾಳಿಗೆ ಕೂದಲು ಮುಖಕ್ಕೆ ಬೀಳುತ್ತಿತ್ತು. ಮಡಿಲಿನಿಂದ ನೀಲಿ ಕ್ಲಿಪ್ಪು ತೆಗೆದು, ಕೂದಲನ್ನು ಹಿಂದಕ್ಕೆ ಒತ್ತಿ ಸಿಕ್ಕಿಸಿದಳು. ಒಂದು ಹಲ್ಲು ಇಲ್ಲದಿದ್ದರೂ ಗಟ್ಟಿಯಾಗಿ ಹಿಡಿಯಿತು. ನಾಳೆ ಎದ್ದು ಎಲ್ಲಿಗೆ ಹೋಗುವುದು ಎಂದು ಯೋಚಿಸುತ್ತಾ ಅವಳು ಛತ್ರಿಯನ್ನು ಮತ್ತೆ ಬಿಚ್ಚಿ ಮೆಟ್ಟಿಲು ಹತ್ತಿದಳು.