ಹದಿನಾಲ್ಕನೆಯ ಸಾಸ್

ಹದಿಮೂರನೆಯ ಸಾಸ್ ಬಟ್ಟಲ ಸಮೇತ ಗೋಡೆಗೆ ಅಪ್ಪಳಿಸಿತು. ಕಂದು ನೀರು ಕ್ಯಾಲೆಂಡರಿನ ಮೇಲಿಂದ ಇಳಿಯುತ್ತಿರುವಾಗಲೇ ಗಂಡನ ಅಂಗೈ ಅವಳ ಕಿವಿಯ ಮೇಲೆ ಬಿತ್ತು.

"ಅಣಬೆ ಬೇಯ್ಸಿದ ನೀರಿಗೆ ಸಾಸ್ ಅಂತೀಯಾ? ಇಪ್ಪತ್ತು ವರ್ಷ ಬಾಣಲೆ ಹಿಡಿದೋನು ನಾನು. ನನ್ ಮನೇಲೇ ನನಗೆ ನಕಲಿ ಮಾಲು!"

ಅವನು ದೊಡ್ಡ ಹೋಟೆಲೊಂದರ ಮುಖ್ಯ ಅಡುಗೆಯವ. ಅಲ್ಲಿ ಅವನ ಹೆಸರೇ 'ನಾಲಿಗೆ'. ಯಾವ ಸಾಸ್ ಯಾವ ಪೀಪಾಯಿಯದು ಎಂದು ಒಂದು ಹನಿ ನೆಕ್ಕಿ ಹೇಳುತ್ತಾನಂತೆ. ಹೋಟೆಲಿನ ಪದ್ಧತಿಯನ್ನು ಮನೆಗೂ ತಂದಿದ್ದ. ಅವನು ಕಿರುಬೆರಳು ಅದ್ದಿ ನೆಕ್ಕಿ "ಹ್ಞೂಂ" ಎನ್ನುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಈ ಮನೆಯ ಜಗಳ ಉಣ್ಣುವುದಕ್ಕೇ ಬಿಡುತ್ತಿರಲಿಲ್ಲ.

ಜಗಳ ಶುರುವಾದದ್ದು ಹೋದ ವರ್ಷ. ಸೋಯಾ ಸಾಸ್ ಕಲಸಿದ ಅನ್ನ ತಿಂದ ಹತ್ತೇ ನಿಮಿಷಕ್ಕೆ ಐದು ವರ್ಷದ ಮಗಳು ಗುಬ್ಬಿಯ ತುಟಿ ಊದಿಕೊಂಡು, ಕಣ್ಣು ಮುಚ್ಚಿಹೋಗಿ, ಉಸಿರು ಸಿಳ್ಳೆ ಹೊಡೆದಿತ್ತು. "ಇನ್ನೊಂದು ಸಲ ಆದ್ರೆ ಉಳಿಸಿಕೊಳ್ಳೋದು ಕಷ್ಟ. ಒಂದು ಹನಿ ಸೋಯಾನೂ ಮಗೂಗೆ ತಾಗಬಾರದು" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಗಂಡ ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕೂತ. "ನಮ್ಮ ವಂಶದಲ್ಲಿ ಊಟ ಮಾಡಿ ಸತ್ತೋರಿಲ್ಲ. ಬಿಸಿಲಿಗೆ ಹಂಗಾಗಿದೆ" ಎಂದ. ಸಾಸ್ ಇಲ್ಲದ ಊಟವನ್ನು ಅವನು ಮುಟ್ಟುತ್ತಿರಲಿಲ್ಲ. ಮನೆಯೊಳಗೆ ಸೋಯಾ ತರಲು ಅವಳು ಬಿಡುತ್ತಿರಲಿಲ್ಲ. ಏಟು ಎಷ್ಟು ಬಿದ್ದರೂ ಆ ಒಂದು ವಿಷಯದಲ್ಲಿ ಅವಳು ಹಟಮಾರಿಯೇ.

ಅದಕ್ಕೇ ಈ ಪ್ರಯೋಗಗಳು. ಒಂದರಲ್ಲಿ ವಿನೆಗರ್ ಮೂಗಿಗೆ ಹೊಡೆದಿತ್ತು, ಇನ್ನೊಂದು ಮಕ್ಕಳ ಕೆಮ್ಮಿನ ಔಷಧಿಯಷ್ಟು ಸಿಹಿ. ಹದಿನಾಲ್ಕನೆಯ ಸಲ ಒಣ ಅಣಬೆಯನ್ನು ಮೂಳೆ ಬೇಯಿಸಿದ ನೀರಿನಲ್ಲಿ ಕುದಿಸಿ ಅರ್ಧಕ್ಕರ್ಧ ಇಂಗಿಸಿದಳು. ಸಕ್ಕರೆಯನ್ನು ಇನ್ನೇನು ಕಹಿಯಾಗಬೇಕು ಎನ್ನುವಷ್ಟು ಕಪ್ಪಗೆ ಸುಟ್ಟು ಸೇರಿಸಿದಳು. ಉಪ್ಪು, ಬೆಳ್ಳುಳ್ಳಿ, ನಾಲ್ಕು ಹನಿ ವಿನೆಗರ್. ಕೊನೆಗೆ ಏನನ್ನಿಸಿತೋ, ಒಂದು ಚೂರು ಒಣಮೀನು ಸುಟ್ಟು ಹಾಕಿ ಸೋಸಿದಳು.

ಅವನು ನೆಕ್ಕಿದ. ಕಣ್ಣು ಮುಚ್ಚಿದ. ಇನ್ನೊಮ್ಮೆ ನೆಕ್ಕಿದ.

"ಈಗ ಬಂದೆ ನೋಡು ದಾರಿಗೆ. ಅಂಗಡಿ ಸೋಯಾನೇ ತಾನೆ?"

ಒಂದು ದಿನವಾದರೂ ಏಟು ತಿನ್ನದೆ ಊಟ ಮಾಡುವ ಆಸೆ ಅವಳಿಗೆ. "ಹೂಂ" ಎಂದುಬಿಟ್ಟಳು.

ಮೂರು ವಾರ ಮನೆ ತಣ್ಣಗಿತ್ತು. ಮಗಳೂ ತಿಂದಳು, ಅವನೂ ತಿಂದ. ನಾಲಿಗೆಗೇ ಟೋಪಿ ಹಾಕಿದೆನಲ್ಲ ಎಂದು ಅವಳು ಪಾತ್ರೆ ತೊಳೆಯುತ್ತಾ ಒಬ್ಬಳೇ ನಗುತ್ತಿದ್ದಳು, ಪಾಪ. ಅವನು ಮಗಳ ತಟ್ಟೆಯನ್ನು ದಿನಾ ಗಮನಿಸುತ್ತಿದ್ದುದು ಅವಳಿಗೆ ಗೊತ್ತೇ ಆಗಲಿಲ್ಲ.

ಭಾನುವಾರ ಮಧ್ಯಾಹ್ನ ಭಾವ, ಅಂದರೆ ಗಂಡನ ಅಣ್ಣ, ಊಟಕ್ಕೆ ಬಂದಿದ್ದ. ಎಲ್ಲರೂ ಕೂತ ಮೇಲೆ ಗಂಡ ಚೀಲದಿಂದ ಹೋಟೆಲಿನ ದೊಡ್ಡ ಸೋಯಾ ಬಾಟಲಿ ತೆಗೆದು ಮೇಜಿನ ಮೇಲೆ ಕುಟ್ಟಿದ.

"ಅಣ್ಣಾ, ಡಾಕ್ಟ್ರು ಗೀಕ್ಟ್ರು ಎಲ್ಲಾ ಬೊಗಳೆ. ಮೂರು ವಾರದಿಂದ ಈ ಹುಡುಗಿ ಸೋಯಾನೇ ತಿಂತಿದಾಳೆ. ಒಂದು ಸೀನೂ ಬಂದಿಲ್ಲ. ಇವತ್ತು ಅಸಲಿ ಮಾಲು ತಿನ್ನಲಿ." ಗುಬ್ಬಿಯ ಅನ್ನದ ಮೇಲೆ ಧಾರಾಳವಾಗಿ ಸುರಿದ.

ಅವಳಿಗೆ ಬಿಸಿ ತುಪ್ಪ ಬಾಯಲ್ಲಿಟ್ಟಂತಾಯಿತು. ಆದರೆ ಯೋಚಿಸಲು ಹೊತ್ತೆಲ್ಲಿತ್ತು? ಅವಳು ತಟ್ಟೆಗೆ ಕೈ ಹಾಕಿದಳು.

"ತಿನ್ಬೇಡ ಗುಬ್ಬಿ! ರೀ, ಅದು ಸೋಯಾ ಆಗಿರಲಿಲ್ಲ. ನಾನೇ ಮಾಡಿದ್ದು. ಅಣಬೆ, ಸುಟ್ಟ ಸಕ್ಕರೆ, ಒಣಮೀನು. ಮೂರು ವಾರದಿಂದ ನೀವು ತಿಂದಿದ್ದೂ ಅದನ್ನೇ."

ಭಾವ ಬಾಯಿತುಂಬ ಅನ್ನ ಇಟ್ಟುಕೊಂಡೇ ನಕ್ಕ. "ಏನೋ ನಾಲಿಗೆ, ಹೆಂಡ್ತಿ ನಿನಗೇ ಅಣಬೆ ನೀರು ಕುಡಿಸಿದ್ಲಾ?"

ಆ ನಗು ಎಲ್ಲವನ್ನೂ ಕೆಡಿಸಿತು.

"ಸುಳ್ಳು ಹೇಳ್ತಿದಾಳೆ. ನನ್ನ ನಾಲಿಗೆ ತಪ್ಪಲ್ಲ. ಈಗ್ಲೇ ತೋರಿಸ್ತೀನಿ." ಅವನು ಎಡಗೈಯಲ್ಲಿ ಮಗಳ ದವಡೆ ಅದುಮಿ ಬಾಯಿ ತೆರೆಸಿ, ಬಲಗೈಯಲ್ಲಿ ಚಮಚ ತುಂಬಿಕೊಂಡ. ಗುಬ್ಬಿ ಕಿರುಚಿತು. ಚಮಚ ತುಟಿಗೆ ತಾಗಿತು.

ಅವಳು ಪಕ್ಕದ ಒಲೆಯ ಮೇಲೆ ಎಣ್ಣೆ ಕಾದಿದ್ದ ಕಬ್ಬಿಣದ ಬಾಣಲೆ ಎತ್ತಿ ಅವನ ಮಣಿಕಟ್ಟಿನ ಮೇಲೆ ಹೊಡೆದಳು. ಮೂಳೆ ಲಟಕ್ಕೆಂದಿತು. ಬಿಸಿ ಎಣ್ಣೆ ಅವನ ತೋಳಿಗೂ ಹಾರಿತು, ಅವಳ ತೋಳಿಗೂ ಹಾರಿತು. ತನ್ನ ಮೈಯಿಂದ ಮಗಳನ್ನು ಮರೆಮಾಡಿಕೊಂಡು ನಿಂತಳು.

"ಓಡು! ಕೆಳಗೆ ಮೆಟ್ಟಿಲ ಹತ್ತಿರ ನಿಂತ್ಕೋ!"

ಗುಬ್ಬಿ ಓಡಿದ ಮೇಲೆ ಅವನ ಎಡಗೈ ಮುಷ್ಟಿ ಅವಳ ಬಾಯಿಗೆ ಬಿತ್ತು. ಹಲ್ಲು ತುಟಿಯೊಳಗೆ ನಾಟಿತು. ಬಿದ್ದವಳನ್ನು ಪಕ್ಕೆಗೆ ಒದ್ದ. ಅವಳು ಬಾಣಲೆ ಬಿಟ್ಟಿರಲಿಲ್ಲ, ಬಿದ್ದಲ್ಲಿಂದಲೇ ಅವನ ಮೊಣಕಾಲಿಗೆ ಬೀಸಿದಳು. ಅವನು ಊಳಿಡುತ್ತಾ ಕುಸಿದ. ಭಾವ ಗೋಡೆಗಂಟಿ ನಿಂತು "ಸಾಕು, ಸಾಕು" ಎನ್ನುತ್ತಿದ್ದ. ಯಾರಿಗೆ ಹೇಳಿದನೋ ದೇವರೇ ಬಲ್ಲ.

ಕೆಳಗಿಳಿದು ಮಗಳನ್ನು ಎತ್ತಿಕೊಂಡು, ರಸ್ತೆಯ ನಲ್ಲಿಯಲ್ಲಿ ಮಗಳ ಮುಖ ಮೂರು ಸಲ ತೊಳೆದು, ಎರಡು ಬೀದಿ ಆಚೆಯ ಆಸ್ಪತ್ರೆಗೆ ಓಡಿದಳು. ತನ್ನ ಬಾಯಿಗೆ ಬಟ್ಟೆ ಒತ್ತಿಕೊಂಡೇ ನಡೆದದ್ದನ್ನು ಹೇಳಿದಳು. ನರ್ಸ್ ಗುಬ್ಬಿಯ ಎದೆಗೆ ಸ್ಟೆತೋಸ್ಕೋಪ್ ಇಟ್ಟು ಕೇಳಿ, ಇಂಜೆಕ್ಷನ್ನು ಸಿದ್ಧ ಮಾಡಿಟ್ಟುಕೊಂಡಳು. "ಇಲ್ಲೇ ಬೆಂಚಿನ ಮೇಲೆ ಕೂತ್ಕೊಳ್ಳಿ. ತುಟೀನೇ ನೋಡ್ತಿರಿ. ಸ್ವಲ್ಪ ಊದಿದ್ರೂ ನನ್ನ ಕೂಗಿ."

ಹತ್ತು ನಿಮಿಷ. ಇಪ್ಪತ್ತು. ಅವಳು ಕಣ್ಣು ಮಿಟುಕಿಸಲೂ ಹೆದರಿ ಮಗಳ ತುಟಿಯನ್ನೇ ನೋಡುತ್ತಿದ್ದಳು. ಬಟ್ಟೆ ಯಾವಾಗ ಕೈಜಾರಿತೋ ತಿಳಿಯಲಿಲ್ಲ. ಗುಬ್ಬಿಯೂ ಅವಳ ಮುಖವನ್ನೇ ದಿಟ್ಟಿಸುತ್ತಿತ್ತು.

"ಅಮ್ಮಾ, ನಿನ್ನ ತುಟಿ ಊದ್ತಾ ಇದೆ. ಏನ್ ತಿಂದೆ ನೀನು?"

ಅವಳು ಬಟ್ಟೆ ತಡಕಿ ಮತ್ತೆ ಬಾಯಿಗೆ ಒತ್ತಿಕೊಂಡಳು.

ಗುಬ್ಬಿ ಬೆಂಚಿನಿಂದ ಜಾರಿ ಇಳಿದು, ನರ್ಸಿನ ಕಿಟಕಿಯ ಹತ್ತಿರ ಹೋಗಿ, ತುದಿಗಾಲಿನಲ್ಲಿ ನಿಂತು ಗಾಜು ಬಡಿಯಿತು. "ಅಕ್ಕಾ, ಬೇಗ ಬನ್ನಿ. ಊದಿದೆ."